ಬೆಳಗ್ಗೆ ಐದಕ್ಕೆ ಬಾಗಿಲು ಹಾಕ್ಕೊಳ್ಳೋ ಯಜಮಾನ್ರು

ಈ ಸಲ ಬಂದ ಪತ್ರಗಳಲ್ಲಿ ಒಂದನ್ನ ಎರಡು ಸಲ ಓದಿದೆ, ಎರಡನೇ ಸಲ ಓದೋವಾಗ ಸಿಟ್ಟು ಬಂತು. ಬರೆದವರ ಮೇಲೆ ಅಲ್ಲ. ಅವರು ಹೆಸರಿನ ಜಾಗದಲ್ಲಿ ‘ಒಣಗಿದ ಮರ’ ಅಂತ ಹಾಕಿದ್ದಾರೆ, ಅದರ ವಿಷಯ ಆಮೇಲೆ ಮಾತಾಡೋಣ.

ಕಥೆ ಇಷ್ಟು. ವಯಸ್ಸು 37, ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆಗಿ 12 ವರ್ಷ, ಇಬ್ಬರು ಮಕ್ಕಳು, ಹೊರಗಡೆ ಕೆಲಸ. ಮೊದಮೊದಲು ಪ್ರಾರ್ಥನೆಗೆ ಮೊಣಕಾಲೂರಿದ್ರೆ ಕಣ್ಣೀರು ತಾನಾಗೇ ಬರ್ತಿತ್ತಂತೆ, ಈಗ ಬರೋದು ಆಕಳಿಕೆ. ವರ್ಷದಲ್ಲಿ ಇಡೀ ಬೈಬಲ್ ಓದಿ ಮುಗಿಸ್ತೀನಿ ಅಂತ ಜನವರಿಲಿ ಶುರು ಮಾಡಿ ಮೂರನೇ ಪುಸ್ತಕ ಯಾಜಕಕಾಂಡದಲ್ಲೇ ಸಿಕ್ಕಿಹಾಕ್ಕೊಂಡಿದ್ದಾರೆ. ಗೃಹಕೂಟದ (ಮನೆಲಿ ಸೇರೋ ಪ್ರಾರ್ಥನಾ ಗುಂಪು) ವಾಟ್ಸಾಪ್ ಗ್ರೂಪಲ್ಲಿ ದಿನಾ ಎಲ್ಲರೂ ಓದಿ ಆಯ್ತು ಅಂತ ಟಿಕ್ ಹಾಕ್ತಾರೆ, ಇವರದ್ದು ಮಾತ್ರ ಖಾಲಿ. ಕೂಟ ನಡೆಸೋ ಅಕ್ಕ ಒಂದು ದಿನ ಪಕ್ಕಕ್ಕೆ ಕರೆದು, ‘ಒಳಗೆ ಯಾವುದೋ ಒಪ್ಪಿಕೊಳ್ಳದ ಪಾಪ ಇರಬೇಕು, ಹುಡುಕಿ ನೋಡು’ ಅಂದಿದ್ದಾರೆ. ಅವತ್ತಿಂದ ಇವರು ರಾತ್ರಿ ಮಲಗೋ ಮುಂಚೆ ಪಾಪ ಹುಡುಕ್ತಾ ಕೂರ್ತಾರೆ, ಕಾಲೇಜಲ್ಲಿದ್ದಾಗ ಗೆಳತಿಗೆ ಹೇಳಿದ ಸುಳ್ಳಿನ ತನಕ ಹೋಗಿ ಬಂದಿದ್ದಾರೆ. ಪ್ರಶ್ನೆ ಒಂದೇ, ‘ನನ್ನ ವಿಶ್ವಾಸ ಬೆಳೀತಿಲ್ಲ, ಸತ್ತೇ ಹೋಯ್ತಾ?’

ಆ ಅಕ್ಕನ್ನ ನಾನು ಬೈತೀನಿ ಅಂತ ನೀವು ಕಾಯ್ತಿರಬಹುದು. ಬೈಯಲ್ಲ. ಬೈಬಲಿನಲ್ಲಿ ಎಲ್ಲ ಕಳ್ಕೊಂಡು ಕೂತ ಯೋಬನ ಸ್ನೇಹಿತರೂ ಹಾಗೇ, ಏಳು ದಿನ ಏಳು ರಾತ್ರಿ ಸುಮ್ನೆ ಅವನ ಜೊತೆ ನೆಲದ ಮೇಲೆ ಕೂತಿದ್ರು, ಅದೇ ಅವರು ಮಾಡಿದ ಒಳ್ಳೆ ಕೆಲಸ, ಬಾಯಿ ತೆಗೆದ ಮೇಲೇ ಕೆಟ್ಟಿದ್ದು. ಅಕ್ಕನಿಗೂ ಕಾಳಜಿ ಇದೆ, ಗೊತ್ತಿರೋ ಔಷಧಿ ಮಾತ್ರ ಒಂದೇ. ಅವರ ಮಾತನ್ನ ಇವತ್ತಿಗೆ ಬಿಟ್ಟುಬಿಡಿ, ರಾತ್ರಿಯ ಹುಡುಕಾಟನೂ ಬಿಡಿ.

ನಂಗೆ ಸಿಟ್ಟು ಬಂದಿದ್ದು ನಿಮ್ಮ ಪತ್ರದ ಮಧ್ಯೆ, ಯಾರಿಗೂ ಕಾಣದ ಹಾಗೆ ತುರುಕಿರೋ ಈ ಸಾಲಿಗೆ: ‘ನಮ್ಮ ಯಜಮಾನ್ರು ಮಾತ್ರ ತುಂಬಾ ಆತ್ಮಿಕರು, ಬೆಳಗ್ಗೆ ಐದರಿಂದ ಆರೂವರೆ ತನಕ ಬಾಗಿಲು ಹಾಕ್ಕೊಂಡು ದೇವರ ಸನ್ನಿಧಿಲಿ ಇರ್ತಾರೆ, ಆ ಹೊತ್ತಲ್ಲಿ ಮಕ್ಕಳ ಗಲಾಟೆ ಕೇಳಿಸದ ಹಾಗೆ ನಾನು ನೋಡ್ಕೋತೀನಿ.’

ನೋಡ್ಕೋತೀನಿ! ಒಂದೇ ಪದದಲ್ಲಿ ಮುಗಿಸಿಬಿಟ್ರಲ್ಲ ತಾಯಿ. ಅದರೊಳಗೆ ಏನೇನಿದೆ ಅಂತ ನೀವೇ ಬೇರೆ ಬೇರೆ ಕಡೆ ಚೆಲ್ಲಿದ್ದೀರ, ನಾನು ಹೆಕ್ಕಿ ಒಟ್ಟಿಗೆ ಇಟ್ಟೆ. ನಾಲ್ಕೂವರೆಗೆ ಅಲಾರಂ, ಅಡುಗೆ, ಇಬ್ಬರ ಡಬ್ಬಿ, ಚಿಕ್ಕವಳು ಎದ್ದು ಅಳೋಕೆ ಶುರು ಮಾಡಿದ್ರೆ ಅಪ್ಪನಿಗೆ ಕೇಳಿಸಬಾರದು ಅಂತ ಅವಳನ್ನ ಎತ್ತಿಕೊಂಡು ಮನೆಯ ಆ ತುದಿಗೆ ಹೋಗಿ, ಒಂದು ಕೈಯಲ್ಲಿ ಮಗು ಇನ್ನೊಂದು ಕೈಯಲ್ಲಿ ದೊಡ್ಡವನ ಸಾಕ್ಸು ಹುಡುಕೋದು. ರಾತ್ರಿ ಮಲಗೋದು ಹನ್ನೊಂದೂವರೆ, ಮಧ್ಯೆ ಒಂದೆರಡು ಸಲ ಚಿಕ್ಕವಳಿಗೆ ಏಳೋದು. ಲೆಕ್ಕ ಹಾಕಿದ್ರೆ 5 ಗಂಟೆ ನಿದ್ದೆನೂ ಇಲ್ಲ, ಇರೋದೂ ಚೂರು ಚೂರು. ಬಾಗಿಲ ಆ ಕಡೆ ಅವರು ಐದು ಹತ್ತಕ್ಕೆ ತೆರೆದ ಬೈಬಲ್ ಮೇಲೆ ಪೆನ್ನು ಇಟ್ಟು ಫೋಟೋ ತೆಗೆದು ಗ್ರೂಪಿಗೆ ಹಾಕ್ತಾರೆ, ಹತ್ತು ಜನ ಆಮೆನ್ ಅಂತಾರೆ. ನೀವು ಈ ಕಡೆ ನಿಂತು ಆ ಫೋಟೋ ನೋಡಿ ‘ನಾನು ಒಣಗಿದ ಮರ’ ಅಂದ್ಕೋತೀರ.

ಈ ಅಂಕಣದಲ್ಲಿ ಎಷ್ಟು ಸಲ ಹೇಳಿದ್ದೀನೋ, ಮತ್ತೆ ಹೇಳ್ತೀನಿ, ನಿದ್ದೆಗೆಟ್ಟವರಿಗೆ ಆತ್ಮಿಕ ಸಲಹೆ ಕೊಡಬಾರದು. ಇದು ನನ್ನ ಹಠ ಅಲ್ಲ, ದೇವರೇ ಮಾಡಿ ತೋರಿಸಿದ್ದು. ಬೈಬಲಿನ 1 ಅರಸುಗಳು 19ನೇ ಅಧ್ಯಾಯದಲ್ಲಿ ಎಲೀಯ ಒಂದು ಗಿಡದ ಕೆಳಗೆ ಕೂತು ಸಾಕಪ್ಪ, ನನ್ನ ಪ್ರಾಣ ತಗೋ ಅಂತಾನೆ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ! ದೂತ ಬಂದು ಏನು ಮಾಡ್ದ? ಪ್ರಸಂಗ ಮಾಡಲಿಲ್ಲ, ಪಾಪ ಹುಡುಕು ಅನ್ನಲಿಲ್ಲ, ಎಷ್ಟು ಅಧ್ಯಾಯ ಓದಿದೆ ಅಂತ ಕೇಳಲಿಲ್ಲ. ಮುಟ್ಟಿ ಎಬ್ಬಿಸಿ ಎದ್ದು ತಿನ್ನು ಅಂದ, ತಲೆ ಹತ್ರ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ, ದೂತ ಎರಡನೇ ಸಲ ಬಂದು ಮತ್ತೆ ತಿನ್ನಿಸಿದ. ದೇವರು ಅವನ ಹತ್ರ ಮಾತಾಡಿದ್ದು ಇದೆಲ್ಲ ಆದ ಮೇಲೆ.

ನಿಮ್ಮವರು ಇದನ್ನ ಓದಿ ಮಾರ್ಕ 1:35 ತೋರಿಸ್ತಾರೆ, ನಂಗೊತ್ತು, ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥನೆ ಮಾಡ್ದ ಅಂತ. ಸರಿ, ಅದರ ಹಿಂದಿನ ಐದಾರು ವಚನನೂ ಓದಲಿ. ಹಿಂದಿನ ದಿನ ಸೀಮೋನನ ಅತ್ತೆಯ ಜ್ವರ ಬಿಡಿಸಿದ್ದು, ಹೊತ್ತು ಮುಳುಗಿದ ಮೇಲೆ ಊರಿಗೆ ಊರೇ ಬಾಗಿಲ ಹತ್ರ ಬಂದು ನಿಂತಿದ್ದು, ಅಷ್ಟೂ ಜನರನ್ನ ನೋಡಿದ್ದು. ಬೆಳಗ್ಗೆ ಸೀಮೋನ ಮತ್ತು ಜೊತೆಗಾರರು ಹುಡುಕಿಕೊಂಡು ಬಂದಾಗ ಆತ ಇನ್ನೂ ಒಂದೂವರೆ ಗಂಟೆ ಬಾಕಿ ಇದೆ ಅನ್ನಲಿಲ್ಲ, ಎದ್ದು ಕೆಲಸಕ್ಕೆ ಹೊರಟ. ಇನ್ನು ಬಾಗಿಲು ಹಾಕ್ಕೊಂಡು ಪ್ರಾರ್ಥನೆ ಮಾಡು ಅಂತ ಮತ್ತಾಯ 6ರಲ್ಲಿ ಹೇಳಿದ್ದು ಯಾರಿಗೂ ಕಾಣಬಾರದು ಅಂತ, ಫೋಟೋ ತೆಗೆಯೋರಿಗೆ ಆ ವಚನ ಆಸರೆ ಆಗಲ್ಲ.

ಅವರನ್ನ ಕೆಟ್ಟವರು ಅಂತಿಲ್ಲ. ದೇವರ ಮುಂದೆ ದಿನಾ ಕೂರೋ ಅಭ್ಯಾಸ ಒಳ್ಳೇದೇ, ಎಷ್ಟೋ ಗಂಡಸರಿಗೆ ಅದೂ ಇಲ್ಲ. ಆದ್ರೆ ಆ ಒಂದೂವರೆ ಗಂಟೆ ಎಲ್ಲಿಂದ ಬಂತು ಅಂತ ಅವರು ಯಾವತ್ತೂ ಕೇಳ್ಕೊಂಡಿಲ್ಲ. ಅದು ನಿಮ್ಮ ನಿದ್ದೆಯಿಂದ ಬಂದಿದ್ದು. ಹೆಂಡತಿಯ ಜೇಬಿಂದ ದುಡ್ಡು ತೆಗೆದು ಕಾಣಿಕೆ ಡಬ್ಬಿಗೆ ಹಾಕಿದ ಹಾಗೆ.

ಬೈಬಲ್ ಓದಿನ ಬಗ್ಗೆಯೂ ಒಂದು ಮಾತು, ಯಾಕಂದ್ರೆ ಆ ಟಿಕ್ ನಿಮ್ಮನ್ನ ಜಾಸ್ತಿ ಚುಚ್ತಿದೆ. 66 ಪುಸ್ತಕ, 1189 ಅಧ್ಯಾಯ, ವರ್ಷದಲ್ಲಿ ಮುಗಿಸೋಕೆ ದಿನಕ್ಕೆ ಮೂರು ನಾಲ್ಕು ಓದಬೇಕು. ನಾನೂ ಒಂದು ವರ್ಷ ಹೊರಟಿದ್ದೆ, ನಾಲ್ಕನೇ ಪುಸ್ತಕ ಅರಣ್ಯಕಾಂಡದಲ್ಲಿ ಕಳೆದುಹೋದೆ, ಭಾನುವಾರ ಸಂಜೆ ಕೂತು ಇಡೀ ವಾರದ ಟಿಕ್ ಒಟ್ಟಿಗೆ ಹಾಕಿದ್ದೂ ಉಂಟು (ಇದನ್ನ ಇವತ್ತೇ ಒಪ್ಕೊಳ್ತಿರೋದು). ವಚನಗಳಿಗೆ ಈಗಿರೋ ನಂಬರು ಬಿದ್ದಿದ್ದೇ 1551ರ ಆಸುಪಾಸಲ್ಲಿ. ಅದಕ್ಕೂ ಮುಂಚೆ ಹದಿನೈದು ನೂರು ವರ್ಷ ಕ್ರೈಸ್ತರು ಇದ್ದರು, ಬಹುಪಾಲು ಜನರ ಮನೆಲಿ ಸ್ವಂತ ಬೈಬಲ್ಲೇ ಇರಲಿಲ್ಲ, ಕೇಳಿದ ಒಂದು ಕೀರ್ತನೆಯ (ಬೈಬಲಿನ ಪ್ರಾರ್ಥನಾಗೀತೆ) ಎರಡು ಸಾಲನ್ನ ಕೆಲಸ ಮಾಡ್ತಾ ಬಾಯಲ್ಲಿ ಇಟ್ಕೊಂಡು ಬೆಳೆದವರು ಅವರು. ಕಣ್ಣೀರು ಬರದಿದ್ರೂ ಪ್ರಾರ್ಥನೆ ಪ್ರಾರ್ಥನೆಯೇ. ಕೀರ್ತನೆ 88 ಓದಿ, ಕೊನೆಗೂ ಕತ್ತಲಲ್ಲೇ ಮುಗಿಯುತ್ತೆ, ಹಾಗಿದ್ರೂ ಅದನ್ನ ಯಾರೂ ಪುಸ್ತಕದಿಂದ ತೆಗೆದುಹಾಕಲಿಲ್ಲ.

ಬೆಳವಣಿಗೆ ಇಲ್ಲ ಅಂತೀರಲ್ಲ, ನೀವೇ ಬರೆದಿದ್ದನ್ನ ನಿಮಗೇ ಓದಿ ಹೇಳ್ತೀನಿ. ಹೋದ ತಿಂಗಳು ಹೋಮ್‌ವರ್ಕ್ ವಿಷಯಕ್ಕೆ ದೊಡ್ಡವನ ಮೇಲೆ ಕಿರುಚಿದ್ರಿ, ಹತ್ತು ನಿಮಿಷ ಬಿಟ್ಟು ವಾಪಸ್ ಹೋಗಿ ಅವನ ಮುಂದೆ ನೆಲದ ಮೇಲೆ ಕೂತು ಸಾರಿ ಕಂದ ಅಂದ್ರಿ, ಅವನು ಪೆನ್ಸಿಲ್ ಕಚ್ಕೊಂಡು ‘ಪರವಾಗಿಲ್ಲಮ್ಮ, ಆಮೆನ್’ ಅಂದ. ಇದನ್ನ ನೀವು ನಿಮ್ಮ ತಪ್ಪಿಗೆ ಸಾಕ್ಷಿ ಅಂತ ಬರೆದಿದ್ದೀರ. ಹನ್ನೆರಡು ವರ್ಷದ ಹಿಂದೆ, ನೀವು ಪ್ರಾರ್ಥನೆಲಿ ಗಳಗಳ ಅಳ್ತಿದ್ದ ಕಾಲದಲ್ಲಿ, ಸ್ವಂತ ತಂಗಿ ಜೊತೆ ಆರು ತಿಂಗಳು ಮಾತು ಬಿಟ್ಟಿದ್ದೆ ಅಂತನೂ ನೀವೇ ಬರೆದಿದ್ದೀರ. ಆರು ತಿಂಗಳು ಹತ್ತು ನಿಮಿಷಕ್ಕೆ ಇಳಿದಿದೆ. ಮರದ ಹೆಸರು ಇಟ್ಕೊಳ್ಳೋದಾದ್ರೆ ಕೀರ್ತನೆ 1ರ ಮರ ಇದೆ, ಅದೂ ವರ್ಷವಿಡೀ ಹಣ್ಣು ಬಿಡೋದಲ್ಲ, ತಕ್ಕ ಕಾಲಕ್ಕೆ ಬಿಡೋದು.

ಈಗ ಮಾಡಬೇಕಾದ್ದು. ಒಂದೇ. ಈ ಸೋಮವಾರದಿಂದ ವಾರಕ್ಕೆ ಮೂರು ಬೆಳಗ್ಗೆ ಬಾಗಿಲು ಹಾಕ್ಕೊಳ್ಳೋರು ನೀವು, ಅಡುಗೆ, ಡಬ್ಬಿ, ಸಾಕ್ಸು, ಅಳೋ ಮಗು ಅವರ ಪಾಲು. ಒಳಗೆ ಹೋಗಿ ಬೈಬಲ್ ತೆಗೀಬೇಡಿ, ಮಲಗಿ. ಆರೂವರೆ ತನಕ ಮಲಗಿ. ದೇವರು ತನ್ನ ಪ್ರಿಯರಿಗೆ ನಿದ್ದೆ ಕೊಡ್ತಾನೆ ಅಂತ ಕೀರ್ತನೆ 127ರಲ್ಲಿದೆ, ಬೆಳಗಾಗೋ ಮುಂಚೆ ಎದ್ದು ಒದ್ದಾಡೋದು ವ್ಯರ್ಥ ಅಂತನೂ ಅದೇ ವಚನದಲ್ಲಿದೆ. ಯಜಮಾನ್ರು ನನ್ನ ಪ್ರಾರ್ಥನೆ ಹೊತ್ತು ಅಂತ ಎಳೆದ್ರೆ ಜಗಳ ಆಡಬೇಡಿ, ಬಾಯಿ ಮುಚ್ಕೊಂಡೂ ಇರಬೇಡಿ, 1 ಪೇತ್ರ 3:7 ತೆರೆದು ಕೈಗೆ ಕೊಡಿ. ಹೆಂಡತಿಯನ್ನ ಅರ್ಥ ಮಾಡ್ಕೊಂಡು, ಮರ್ಯಾದೆ ಕೊಟ್ಟು ಬಾಳದ ಗಂಡನ ಪ್ರಾರ್ಥನೆಗೇ ಅಡ್ಡಿ ಆಗುತ್ತೆ ಅಂತ ಪೇತ್ರ ಬರೆದಿದ್ದಾನೆ, ಪೇತ್ರನಿಗೂ ಹೆಂಡತಿ ಇದ್ದಳು (ಮೇಲೆ ಹೇಳಿದ ಸೀಮೋನನೇ ಈ ಪೇತ್ರ). ಅಷ್ಟು ಓದೋ ಮನುಷ್ಯ ಈ ವಚನ ನೋಡೇ ಇಲ್ಲ ಅಂದ್ರೆ ನಂಬಲ್ಲ ನಾನು.

ಒಂದು ತಿಂಗಳು ಬಿಟ್ಟು ಮತ್ತೆ ಬರೀರಿ. ಎಷ್ಟು ಅಧ್ಯಾಯ ಆಯ್ತು ಅಂತ ಬೇಡ, ಮೂರು ದಿನದಲ್ಲಿ ಎಷ್ಟು ದಿನ ಬಾಗಿಲು ನಿಮ್ಮದಾಗಿತ್ತು ಅಂತ.