ಸಿಡ್ನಿಯಾ, ಮೆಲ್ಬರ್ನಾ? ಹೊಸದಾಗಿ ಹೊರಟವರಿಗೆ ಒಂದು ಉತ್ತರ

ನಿಮ್ಮ ಪ್ರಶ್ನೆಯನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ, ಓದುವ ಬೇರೆಯವರಿಗೂ ಗೊತ್ತಾಗಲಿ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ಆಸ್ಟ್ರೇಲಿಯಾದಿಂದ ಎರಡು ಆಫರ್ ಬಂದಿವೆ, ಎರಡೂ 482 ವೀಸಾದ ಮೇಲೆ (ಕಂಪನಿಯವರು ಕರೆಸಿಕೊಳ್ಳುವ ತಾತ್ಕಾಲಿಕ ಕೆಲಸದ ವೀಸಾ). ಒಂದು ಸಿಡ್ನಿಯ ಪ್ಯಾರಮಟ್ಟಾದಲ್ಲಿ, ಇನ್ನೊಂದು ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ. ಸಿಡ್ನಿಯವರು ವರ್ಷಕ್ಕೆ 15,000 ಡಾಲರ್ ಜಾಸ್ತಿ ಕೊಡುತ್ತಾರೆ. ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ಜೊತೆಗೆ ಬರುತ್ತಾರೆ, ಅಪ್ಪ ಅಮ್ಮ ಊರಲ್ಲೇ ಇರುತ್ತಾರೆ. ಎಲ್ಲಿಗೆ ಹೋದರೆ ಒಳ್ಳೇದು?

ನಾನು ಮೊದಲು ಸಿಡ್ನಿಯಲ್ಲಿದ್ದೆ. ಆಮೇಲೆ ಮೆಲ್ಬರ್ನ್‌ಗೆ ಬಂದು ಇಲ್ಲೇ ಬೇರೂರಿದೆ. ಹಾಗಾಗಿ ನನ್ನ ಮಾತು ಸ್ವಲ್ಪ ಮೆಲ್ಬರ್ನ್ ಕಡೆ ವಾಲುತ್ತದೆ. ಅಷ್ಟನ್ನು ಕಳೆದು ಓದಿ.

ಈ ಎರಡು ಊರುಗಳ ಜಗಳ ಇವತ್ತಿನದಲ್ಲ. 1901ರಲ್ಲಿ ಆಸ್ಟ್ರೇಲಿಯಾ ಒಂದು ದೇಶವಾಗುವ ಮೊದಲೇ ರಾಜಧಾನಿ ನಮಗೇ ಬೇಕು ಅಂತ ಇಬ್ಬರೂ ಪಟ್ಟು ಹಿಡಿದರು. ಕೊನೆಗೆ ಸಂವಿಧಾನದಲ್ಲೇ ಬರೆದುಬಿಟ್ಟರು: ರಾಜಧಾನಿ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲೇ ಇರಬೇಕು, ಆದರೆ ಸಿಡ್ನಿಯಿಂದ ಕನಿಷ್ಠ 100 ಮೈಲಿ ದೂರ ಇರಬೇಕು, ಅದು ಸಿದ್ಧವಾಗುವ ತನಕ ಪಾರ್ಲಿಮೆಂಟ್ ಮೆಲ್ಬರ್ನ್‌ನಲ್ಲಿ ಕೂರಬೇಕು. ಹಾಗೆ ಹುಟ್ಟಿದ್ದು ಕ್ಯಾನ್‌ಬೆರಾ. ಪಾರ್ಲಿಮೆಂಟ್ ಅಲ್ಲಿಗೆ ಹೋಗಿದ್ದು 1927ರಲ್ಲಿ. ಜನಸಂಖ್ಯೆಯಲ್ಲಿ ಯಾರು ದೊಡ್ಡವರು ಅನ್ನುವ ಜಗಳವೂ ಮುಗಿದಿಲ್ಲ. ಎರಡೂ ಕಡೆ 50 ಲಕ್ಷ ದಾಟಿದೆ, ಗಡಿಯನ್ನು ಹೇಗೆ ಎಳೆಯುತ್ತೀರಿ ಅನ್ನುವುದರ ಮೇಲೆ ಗೆದ್ದವರು ಬದಲಾಗುತ್ತಾರೆ. ನಮ್ಮವರು ಬೇಗ ಒಂದು ಹೋಲಿಕೆ ಕೊಟ್ಟುಬಿಡುತ್ತಾರೆ: ಸಿಡ್ನಿ ಅಂದರೆ ಬೆಂಗಳೂರು, ಮೆಲ್ಬರ್ನ್ ಅಂದರೆ ಮೈಸೂರು. ನಂಬಬೇಡಿ. ಬೆಳಗ್ಗೆ ಎಂಟು ಗಂಟೆಗೆ ಮೆಲ್ಬರ್ನ್‌ನ ವೆಸ್ಟ್‌ ಗೇಟ್ ಸೇತುವೆ ಮೇಲೆ ಕಾರಿನಲ್ಲಿ ಕೂತವರು ಯಾರೂ ಹಾಗೆ ಹೇಳುವುದಿಲ್ಲ.

ಈಗ ವಿಷಯಕ್ಕೆ ಬರೋಣ. ನೀವು ಫೋಟೋದಲ್ಲಿ ನೋಡಿದ ಸಿಡ್ನಿಯಲ್ಲಿ ನೀವು ಇರುವುದಿಲ್ಲ. ಆಪೆರಾ ಹೌಸ್, ಹಾರ್ಬರ್ ಬ್ರಿಜ್, ಬಾಂಡೈ ಇವೆಲ್ಲ ಊರಿಂದ ಬಂದವರನ್ನು ಕರೆದುಕೊಂಡು ಹೋಗಿ ತೋರಿಸುವ ಜಾಗಗಳು. ನಮ್ಮವರು ಇರುವುದು ಪಶ್ಚಿಮಕ್ಕೆ: ಹ್ಯಾರಿಸ್ ಪಾರ್ಕ್, ವೆಸ್ಟ್‌ಮೀಡ್, ವೆಂಟ್‌ವರ್ತ್‌ವಿಲ್, ಟೂಂಗ್ಯಾಬಿ, ಇನ್ನೂ ಮುಂದೆ ಹೋದರೆ ಸ್ಕೋಫೀಲ್ಡ್ಸ್, ಮಾರ್ಸ್‌ಡೆನ್ ಪಾರ್ಕ್. ಮೆಲ್ಬರ್ನ್‌ನಲ್ಲೂ ಹಾಗೇ. ಟ್ರ್ಯಾಮ್ ಓಡುವ, ಗಲ್ಲಿಗಲ್ಲಿಯಲ್ಲಿ ಕಾಫಿ ಕುಡಿಯುವ ಮೆಲ್ಬರ್ನ್ ಬೇರೆ. ಟಾರ್ನೀಟ್, ಟ್ರುಗನೀನಾ, ಪಾಯಿಂಟ್ ಕುಕ್, ಕ್ರೇಗಿಬರ್ನ್ ಬೇರೆ. ಹಾಗಾಗಿ ಎರಡು ಮಹಾನಗರಗಳನ್ನು ಹೋಲಿಸುವ ಬದಲು ಎರಡು ಬಡಾವಣೆ, ಎರಡು ರೈಲು ದಾರಿ ಹೋಲಿಸಿ.

ಪ್ಯಾರಮಟ್ಟಾದ ಕೆಲಸಕ್ಕೆ ಇಲ್ಲೇ ದೊಡ್ಡ ಲಾಭ. ಅದು ಸಿಡ್ನಿಯ ಎರಡನೇ ಪೇಟೆ ಇದ್ದ ಹಾಗೆ. ಆಫೀಸಿನಿಂದ ಹ್ಯಾರಿಸ್ ಪಾರ್ಕಿಗೆ ನಡೆದೇ ಹೋಗಬಹುದು. ಸಂಜೆ ಆಫೀಸ್ ಮುಗಿಸಿ ದೋಸೆ ತಿಂದು, ತರಕಾರಿ ಹಿಡಿದು, ಏಳು ಗಂಟೆಗೆ ಮನೆಯಲ್ಲಿರಬಹುದು. ಲಕ್ಷಾಂತರ ಜನ ಪಶ್ಚಿಮದಿಂದ ಪೂರ್ವಕ್ಕೆ ರೈಲಿನಲ್ಲಿ ನೇತಾಡಿಕೊಂಡು ಹೋಗುವಾಗ ನೀವು ಅದರಿಂದ ಪಾರು. ಆಫರ್ ಮಾರ್ಟಿನ್ ಪ್ಲೇಸ್‌ನಲ್ಲೋ ನಾರ್ತ್ ಸಿಡ್ನಿಯಲ್ಲೋ ಆಗಿದ್ದರೆ ಲೆಕ್ಕ ಬೇರೆ ಇರುತ್ತಿತ್ತು. ಆಗ ಚಾಲಕರಿಲ್ಲದ ಮೆಟ್ರೋ ದಾರಿ ನೋಡಿ ಅನ್ನುತ್ತಿದ್ದೆ. 2019ರಲ್ಲಿ ಟ್ಯಾಲವಾಂಗ್‌ನಿಂದ ಶುರುವಾದದ್ದು 2024ರ ಆಗಸ್ಟ್‌ನಲ್ಲಿ ಊರಿನ ಮಧ್ಯಕ್ಕೆ ಬಂತು. ಬೆಳಗ್ಗೆ ನಾಲ್ಕು ನಿಮಿಷಕ್ಕೊಂದು.

ಡಾಕ್‌ಲ್ಯಾಂಡ್ಸ್ ಕೂಡ ಕೆಟ್ಟ ಜಾಗವಲ್ಲ. ಸದರ್ನ್ ಕ್ರಾಸ್ ನಿಲ್ದಾಣದ ಪಕ್ಕದಲ್ಲೇ ಇದೆ. ಟಾರ್ನೀಟ್‌ನಿಂದ ಬರುವ ರೈಲು ನೇರ ಅಲ್ಲಿಗೇ ಬರುತ್ತದೆ, ಇಳಿದರೆ ಆಫೀಸ್. ಆದರೆ ಒಂದು ವಿಷಯ ಗೊತ್ತಿರಲಿ. ಟಾರ್ನೀಟ್ ನಿಲ್ದಾಣ ಆಗಿದ್ದು 2015ರಲ್ಲಿ. ಅಲ್ಲಿ ನಿಲ್ಲುವುದು ದೂರದ ಊರುಗಳಿಗೆ ಹೋಗುವ ಪ್ರಾದೇಶಿಕ ರೈಲು, ನಗರದ ಲೋಕಲ್ ಅಲ್ಲ. ಸುತ್ತ ಮನೆಗಳು ಎದ್ದ ವೇಗಕ್ಕೆ ರೈಲು ಹೆಚ್ಚಲಿಲ್ಲ. ಬೆಳಗಿನ ಹೊತ್ತು ಸೀಟು ಸಿಕ್ಕರೆ ನಿಮ್ಮ ಪುಣ್ಯ. ನಿಲ್ದಾಣದ ಪಾರ್ಕಿಂಗ್ ಬೇಗ ತುಂಬುತ್ತದೆ, ಆದ್ದರಿಂದ ನಡೆದು ಹೋಗುವಷ್ಟು ಹತ್ತಿರ ಮನೆ ಹಿಡಿಯಿರಿ. ಪೂರ್ವಕ್ಕೆ ಕ್ಲೇಟನ್, ಗ್ಲೆನ್ ವೇವರ್ಲಿ ಕಡೆ ಹೋದರೆ ರೈಲು ಚೆನ್ನಾಗಿದೆ, ಬಾಡಿಗೆ ಜಾಸ್ತಿ.

ಈಗ ಆ 15,000 ಡಾಲರ್. ಕೇಳುವುದಕ್ಕೆ ದೊಡ್ಡದು. ನಿಮ್ಮ ಸಂಬಳದ ಮಟ್ಟದಲ್ಲಿ ಮೇಲಿನ ಹಣಕ್ಕೆ 30 ಅಥವಾ 37 ಶೇಕಡಾ ತೆರಿಗೆ ಬೀಳುತ್ತದೆ. ಕೈಗೆ ಬರುವುದು ಹತ್ತು ಸಾವಿರದ ಆಸುಪಾಸು, ಅಂದರೆ ವಾರಕ್ಕೆ 200 ಡಾಲರ್ ಅಂತ ಇಟ್ಟುಕೊಳ್ಳಿ. ವಾರ ಅಂತ ಯಾಕೆ ಹೇಳಿದೆ ಅಂದರೆ ಇಲ್ಲಿ ಬಾಡಿಗೆ ಹೇಳುವುದೇ ವಾರದ ಲೆಕ್ಕದಲ್ಲಿ. ಅದನ್ನು ನಾಲ್ಕರಿಂದ ಗುಣಿಸಬೇಡಿ, 52ರಿಂದ ಗುಣಿಸಿ 12ರಿಂದ ಭಾಗಿಸಿ. ಒಂದೇ ಥರದ ಮನೆಗೆ ಸಿಡ್ನಿಯಲ್ಲಿ ವಾರಕ್ಕೆ 150ರಿಂದ 200 ಡಾಲರ್ ಜಾಸ್ತಿ ಕೊಡಬೇಕಾಗುತ್ತದೆ. ಲೆಕ್ಕ ಅಲ್ಲಿಗೆ ಸರಿಹೋಯಿತು. ಸಂಬಳ ಜಾಸ್ತಿ ಅನ್ನುವ ಒಂದೇ ಕಾರಣಕ್ಕೆ ಸಿಡ್ನಿ ಆರಿಸಬೇಡಿ.

ಮಗಳ ವಿಷಯ ಇದಕ್ಕಿಂತ ಮುಖ್ಯ. ಎರಡು ರಾಜ್ಯ, ಎರಡು ನಿಯಮ. ನ್ಯೂ ಸೌತ್ ವೇಲ್ಸ್‌ನಲ್ಲಿ ಜುಲೈ 31ರೊಳಗೆ ಐದು ವರ್ಷ ತುಂಬುವ ಮಗು ಆ ವರ್ಷದ ಆರಂಭದಲ್ಲೇ ಶಾಲೆಗೆ ಸೇರಬಹುದು. ಅದನ್ನು ಅಲ್ಲಿ ಕಿಂಡರ್‌ಗಾರ್ಟನ್ ಅಂತಾರೆ. ಮೆಲ್ಬರ್ನ್ ಇರುವ ವಿಕ್ಟೋರಿಯಾದಲ್ಲಿ ಏಪ್ರಿಲ್ 30ರೊಳಗೆ ತುಂಬಬೇಕು, ತರಗತಿಯ ಹೆಸರು ಪ್ರೆಪ್. ಮಗಳು ಮೇನಲ್ಲೋ ಜೂನ್‌ನಲ್ಲೋ ಹುಟ್ಟಿದ್ದರೆ ಸಿಡ್ನಿಯಲ್ಲಿ ಒಂದು ವರ್ಷ ಮೊದಲೇ ಶಾಲೆ ಸಿಗುತ್ತದೆ. ಇನ್ನೊಂದು ಕಡೆ, ವಿಕ್ಟೋರಿಯಾದಲ್ಲಿ ಮೂರು ಮತ್ತು ನಾಲ್ಕು ವರ್ಷದ ಮಕ್ಕಳಿಗೆ ಸರ್ಕಾರದ ಯೋಜನೆಗೆ ಸೇರಿದ ಕಿಂಡರ್‌ಗಳಲ್ಲಿ (ಇಲ್ಲಿ ಕಿಂಡರ್ ಅಂದರೆ ಶಾಲೆಗೆ ಮುಂಚಿನ ನರ್ಸರಿ) 2023ರಿಂದ ಫೀಸ್ ಇಲ್ಲ. ಇದು ಸಣ್ಣ ವಿಷಯ ಅಲ್ಲ. ತಾತ್ಕಾಲಿಕ ವೀಸಾದಲ್ಲಿರುವಾಗ ಚೈಲ್ಡ್‌ಕೇರ್ ಸಬ್ಸಿಡಿ ನಿಮಗೆ ಸಿಗುವುದಿಲ್ಲ. ಪೂರ್ತಿ ಫೀಸ್ ಕೊಟ್ಟು ಡೇಕೇರ್‌ಗೆ ಹಾಕಿದರೆ ಹೆಂಡತಿಯ ಮೊದಲ ಸಂಬಳ ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ.

ಮತ್ತೊಂದು ಮಾತು ಯಾರೂ ಮೊದಲೇ ಹೇಳುವುದಿಲ್ಲ. ನ್ಯೂ ಸೌತ್ ವೇಲ್ಸ್ ಸರ್ಕಾರಿ ಶಾಲೆಗಳಲ್ಲಿ ಕೆಲವು ತಾತ್ಕಾಲಿಕ ವೀಸಾದವರ ಮಕ್ಕಳಿಂದ ವರ್ಷಕ್ಕೆ ಕೆಲವು ಸಾವಿರ ಡಾಲರ್ ಫೀಸ್ ತೆಗೆದುಕೊಳ್ಳುತ್ತಾರೆ. ಆಫರ್‌ಗೆ ಸಹಿ ಹಾಕುವ ಮೊದಲು ಎರಡೂ ರಾಜ್ಯಗಳ ಶಿಕ್ಷಣ ಇಲಾಖೆಯ ಪಟ್ಟಿಯಲ್ಲಿ ನಿಮ್ಮ ವೀಸಾ ನಂಬರ್ ನೋಡಿ. ಫೀಸ್ ಬೀಳುವ ಹಾಗಿದ್ದರೆ ಅದನ್ನು ಕೊಡಿ ಅಂತ ಕಂಪನಿಯವರನ್ನು ಕೇಳಿ. ಕೇಳಿದರೆ ತಪ್ಪೇನಿಲ್ಲ, ಕೆಲವರು ಕೊಡುತ್ತಾರೆ.

ಸೆಲೆಕ್ಟಿವ್ ಶಾಲೆ ಬಗ್ಗೆ ಈಗಲೇ ಕೇಳಿದ್ದೀರಿ. ಮಗು ಇನ್ನೂ ನಾಲ್ಕು ವರ್ಷದ್ದು ಸ್ವಾಮಿ! ಕೇಳಿದ್ದಕ್ಕೆ ಹೇಳುತ್ತೇನೆ: ಪರೀಕ್ಷೆ ಬರೆದು ಸೇರುವ ಸರ್ಕಾರಿ ಹೈಸ್ಕೂಲುಗಳು ಸಿಡ್ನಿಯಲ್ಲಿ ತುಂಬ ಇವೆ. ವಿಕ್ಟೋರಿಯಾದಲ್ಲಿ ಇರುವುದು ನಾಲ್ಕೇ. ಹಾಗಾಗಿ ಸಿಡ್ನಿಯ ನಮ್ಮ ಜನರಲ್ಲಿ ಕೋಚಿಂಗ್ ಹುಚ್ಚು ಬೇಗ ಹತ್ತುತ್ತದೆ. ಮೂರನೇ ಕ್ಲಾಸಿನ ಮಗು ಶನಿವಾರ ಪೂರ್ತಿ ಟ್ಯೂಷನ್‌ನಲ್ಲಿ ಇರುತ್ತದೆ. ನನಗೆ ಅದು ಹಿಡಿಸಲಿಲ್ಲ. ನಿಮಗೆ ಹಿಡಿಸಬಹುದು.

ಹವಾಮಾನದ ಬಗ್ಗೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ, ಮೆಲ್ಬರ್ನ್‌ನಲ್ಲಿ ಬರೀ ಮಳೆ ಅಂತ. ನಿಜ ಉಲ್ಟಾ. ಸಿಡ್ನಿಗೆ ವರ್ಷಕ್ಕೆ ಸುಮಾರು 1,200 ಮಿಲಿಮೀಟರ್ ಮಳೆ, ಮೆಲ್ಬರ್ನ್‌ಗೆ ಅದರ ಅರ್ಧದಷ್ಟು. ಆದರೆ ಸಿಡ್ನಿಯಲ್ಲಿ ಸುರಿದು ಮುಗಿಯುತ್ತದೆ, ಇಲ್ಲಿ ದಿನವಿಡೀ ಜಿನುಗುತ್ತದೆ. ಬೇಸಿಗೆಯಲ್ಲಿ ಉತ್ತರದ ಗಾಳಿ ಬೀಸಿದರೆ ಮಧ್ಯಾಹ್ನ 40 ಡಿಗ್ರಿ, ಗಾಳಿ ದಕ್ಷಿಣಕ್ಕೆ ತಿರುಗಿದ ಅರ್ಧ ಗಂಟೆಯಲ್ಲಿ 22. ಜಾಕೆಟ್ ಯಾವಾಗಲೂ ಕಾರಿನಲ್ಲಿರಬೇಕು. ಚಳಿಗಾಲದಲ್ಲಿ ಹಳೇ ಬಾಡಿಗೆ ಮನೆಗಳು ಹೊರಗಿಗಿಂತ ಒಳಗೇ ಜಾಸ್ತಿ ಕೊರೆಯುತ್ತವೆ. ಮನೆ ನೋಡಲು ಹೋದಾಗ ಹೀಟರ್ ಹಾಕಿ ನೋಡಿ. ಸಿಡ್ನಿಯ ಚಳಿ ನಮಗೆ ಏನೂ ಅಲ್ಲ. ಅಲ್ಲಿಯ ಸಮಸ್ಯೆ ಸೆಕೆ, ಅದೂ ನಾವಿರುವ ಪಶ್ಚಿಮದಲ್ಲೇ. ಸಮುದ್ರದ ಗಾಳಿ ಅಲ್ಲಿ ತನಕ ಬರುವುದಿಲ್ಲ. 2020ರ ಜನವರಿ 4ರಂದು ಪೆನ್ರಿತ್‌ನಲ್ಲಿ 48.9 ಡಿಗ್ರಿ ದಾಖಲಾಯಿತು. ಬಳ್ಳಾರಿಯವರೂ ಬೆವರುವ ಬಿಸಿಲು ಅದು.

ಅಪ್ಪ ಅಮ್ಮನ ವಿಷಯದಲ್ಲಿ ಸಿಡ್ನಿ ಗೆಲ್ಲುತ್ತದೆ, ಅನುಮಾನವೇ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಕ್ವಾಂಟಸ್ ಬೆಂಗಳೂರಿನಿಂದ ಸಿಡ್ನಿಗೆ ನೇರ ವಿಮಾನ ಶುರು ಮಾಡಿತು. ಮೆಲ್ಬರ್ನ್‌ಗೆ ಬರುವವರು ಸಾಮಾನ್ಯವಾಗಿ ಸಿಂಗಪುರ, ಕೌಲಾಲಂಪುರ ಅಥವಾ ದೆಹಲಿಯಲ್ಲಿ ಇಳಿದು ಹತ್ತಬೇಕು. ಇಂಗ್ಲಿಷ್ ಸರಿಯಾಗಿ ಬರದ ವಯಸ್ಸಾದವರು ರಾತ್ರಿ ಎರಡು ಗಂಟೆಗೆ ಇನ್ನೊಂದು ದೇಶದ ಏರ್‌ಪೋರ್ಟಿನಲ್ಲಿ ಗೇಟ್ ಹುಡುಕುವುದು ಸುಲಭ ಅಲ್ಲ. ತುರ್ತಾಗಿ ನೀವೇ ಊರಿಗೆ ಓಡಬೇಕಾದರೂ ಅಷ್ಟೇ.

ಕನ್ನಡದ ವಾತಾವರಣಕ್ಕೆ ಎರಡೂ ಕಡೆ ಕೊರತೆ ಇಲ್ಲ. ಸಂಘಗಳಿವೆ, ವಾರಾಂತ್ಯದ ಕನ್ನಡ ಶಾಲೆಗಳಿವೆ, ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವ ಎಲ್ಲ ನಡೆಯುತ್ತವೆ. ಎಸ್‌ಬಿಎಸ್ ರೇಡಿಯೋದಲ್ಲಿ ಕನ್ನಡ ಕಾರ್ಯಕ್ರಮವೂ ಇದೆ. ದೊಡ್ಡ ದೇವಸ್ಥಾನ ಮಾತ್ರ ಎರಡೂ ಊರಲ್ಲಿ ನಾವಿರುವ ಕಡೆಯಿಂದ ದೂರದಲ್ಲಿದೆ! ಸಿಡ್ನಿಯ ವೆಂಕಟೇಶ್ವರ ದಕ್ಷಿಣದ ಹೆಲೆನ್ಸ್‌ಬರ್ಗ್‌ನಲ್ಲಿ, ಮೆಲ್ಬರ್ನ್‌ನ ಶಿವ ವಿಷ್ಣು ದೇವಸ್ಥಾನ ಆಗ್ನೇಯದ ಕ್ಯಾರಮ್ ಡೌನ್ಸ್‌ನಲ್ಲಿ. ಟಾರ್ನೀಟ್‌ನಿಂದ ಹೊರಟರೆ ಇಡೀ ಊರು ದಾಟಬೇಕು. ದಿನಸಿ, ತಿಂಡಿ ಬಗ್ಗೆ ಯೋಚನೆ ಬೇಡ. ರಾಗಿ ಹಿಟ್ಟು, ಫಿಲ್ಟರ್ ಕಾಫಿ ಪುಡಿ, ಫ್ರೋಜನ್ ನುಗ್ಗೆಕಾಯಿ ಎರಡೂ ಕಡೆ ಸಿಗುತ್ತವೆ. ಕರಿಬೇವಿನ ಬೆಲೆ ಕೇಳಿ ಮೊದಲ ವಾರ ಬೇಜಾರಾಗುತ್ತದೆ, ಆಮೇಲೆ ಕುಂಡದಲ್ಲಿ ಬೆಳೆಸುತ್ತೀರಿ. ಸಿಡ್ನಿಯಲ್ಲಿ ಗಿಡ ಚೆನ್ನಾಗಿ ಬರುತ್ತದೆ, ಇಲ್ಲಿ ಜುಲೈ ಚಳಿಗೆ ಬೋಳಾಗುತ್ತದೆ.

ಕ್ರಿಕೆಟ್ ಹುಚ್ಚಿದ್ದರೆ ಮೆಲ್ಬರ್ನ್. ಒಂದು ಲಕ್ಷ ಜನ ಕೂರುವ ಎಂಸಿಜಿ ಮುಂದೆ ಸಿಡ್ನಿ ಮೈದಾನ ಚಿಕ್ಕದು. 2024ರ ಬಾಕ್ಸಿಂಗ್ ಡೇ ಟೆಸ್ಟ್‌ಗೆ ಐದು ದಿನದಲ್ಲಿ 3,73,691 ಜನ ಬಂದಿದ್ದರು. ಆದರೆ ಕನ್ನಡಿಗರಿಗೆ ಸಿಡ್ನಿ ಮೈದಾನ ಒಲಿದಷ್ಟು ಇದು ಒಲಿದಿಲ್ಲ ಅನ್ನಿಸುತ್ತದೆ. 2004ರಲ್ಲಿ ಕುಂಬ್ಳೆ ಒಂದೇ ಇನಿಂಗ್ಸ್‌ನಲ್ಲಿ 8 ವಿಕೆಟ್ ತೆಗೆದಿದ್ದು ಅಲ್ಲಿ. ಕೆ.ಎಲ್. ರಾಹುಲ್ 2014ರಲ್ಲಿ ಮೆಲ್ಬರ್ನ್‌ನಲ್ಲಿ ಮೊದಲ ಟೆಸ್ಟ್ ಆಡಿ ಎರಡೂ ಇನಿಂಗ್ಸ್‌ನಲ್ಲಿ ಬೇಗ ಔಟಾದರು, ಮುಂದಿನ ವಾರವೇ ಸಿಡ್ನಿಯಲ್ಲಿ ಶತಕ ಹೊಡೆದರು.

ಕಾರು ಓಡಿಸುವವರಿಗೆ ಮೆಲ್ಬರ್ನ್‌ನಲ್ಲಿ ಒಂದು ವಿಚಿತ್ರ ಕಾದಿದೆ. ಊರಿನ ಮಧ್ಯೆ ಟ್ರ್ಯಾಮ್ ಇರುವ ಕೆಲವು ಸರ್ಕಲ್‌ಗಳಲ್ಲಿ ಬಲಕ್ಕೆ ತಿರುಗಬೇಕಾದರೆ ಎಡಗಡೆ ತುದಿಗೆ ಹೋಗಿ ನಿಂತು ಕಾಯಬೇಕು. ಹುಕ್ ಟರ್ನ್ ಅಂತಾರೆ. ಮೊದಲ ಸಲ ಎದೆ ಡವಡವ ಅನ್ನುತ್ತದೆ. ಸಿಡ್ನಿಯಲ್ಲಿ ಅಂಥದ್ದಿಲ್ಲ, ಬದಲಿಗೆ ಎತ್ತ ಹೋದರೂ ಟೋಲ್.

ಇನ್ನು ಮನೆ ಕೊಳ್ಳುವುದು. ನನ್ನ ತಕ್ಕಡಿ ವಾಲುವುದು ಇಲ್ಲೇ. 2025ರ ಏಪ್ರಿಲ್‌ನಿಂದ ತಾತ್ಕಾಲಿಕ ವೀಸಾದವರು ಈಗಾಗಲೇ ಕಟ್ಟಿರುವ ಹಳೇ ಮನೆ ಕೊಳ್ಳುವ ಹಾಗಿಲ್ಲ, ಆದ್ದರಿಂದ ಪಿಆರ್ (ಇಲ್ಲೇ ಕಾಯಂ ನೆಲೆಸುವ ಅನುಮತಿ) ಬರುವ ತನಕ ಬಾಡಿಗೆಯೇ ಅಂತ ಇಟ್ಟುಕೊಳ್ಳಿ. ಪಿಆರ್ ಬಂದ ದಿನ ನೀವು ಯಾವ ಊರಲ್ಲಿರುತ್ತೀರೋ ಅಲ್ಲೇ ಮನೆ ನೋಡಲು ಶುರು ಮಾಡುತ್ತೀರಿ. ಮಗಳ ಶಾಲೆ, ಗೆಳೆಯರು, ಹೆಂಡತಿಯ ಕೆಲಸ ಎಲ್ಲ ಅಲ್ಲಿ ಕಚ್ಚಿಕೊಂಡಿರುತ್ತವೆ. ಮೆಲ್ಬರ್ನ್‌ನಲ್ಲಿ ಸಾಧಾರಣ ಒಂದು ಮನೆಗೆ 10 ಲಕ್ಷ ಡಾಲರ್ ಅಂದರೆ ಸಿಡ್ನಿಯಲ್ಲಿ 15 ಲಕ್ಷದ ಹತ್ತಿರ. ಹೊರವಲಯದ ನಮ್ಮ ಬಡಾವಣೆಗಳಲ್ಲೂ ಇದೇ ಅಂತರ. ಆ ವ್ಯತ್ಯಾಸಕ್ಕೆ ಬಡ್ಡಿ ಕಟ್ಟಿ ನೋಡಿ, 15,000 ಡಾಲರ್ ಸಂಬಳ ಏನೇನೂ ಸಾಲದು. ಸಿಡ್ನಿಯಲ್ಲಿ ಇಬ್ಬರೂ ದುಡಿದು, ದುಡಿದದ್ದನ್ನೆಲ್ಲ ಬ್ಯಾಂಕಿಗೆ ಹಾಕಿ, ಹಾರ್ಬರ್ ನೋಡಲು ಪುರುಸೊತ್ತಿಲ್ಲದ ಗೆಳೆಯರು ನನಗೆ ಬೇಕಾದಷ್ಟು ಜನ ಇದ್ದಾರೆ.

ಹಾಗಾಗಿ ನನ್ನನ್ನು ಕೇಳಿದರೆ ಡಾಕ್‌ಲ್ಯಾಂಡ್ಸ್ ಆಫರ್ ತೆಗೆದುಕೊಳ್ಳಿ. ಒಂದೇ ಒಂದು ಕಾರಣಕ್ಕೆ ಇದನ್ನು ತಳ್ಳಿಹಾಕಬಹುದು: ಅಪ್ಪ ಅಮ್ಮನ ಆರೋಗ್ಯ ಈಗಲೇ ಸರಿ ಇಲ್ಲ, ನೀವು ಒಬ್ಬರೇ ಮಗ ಅಂತಾದರೆ. ಆಗ ಪ್ಯಾರಮಟ್ಟಾ ಹಿಡಿಯಿರಿ, ವೆಂಟ್‌ವರ್ತ್‌ವಿಲ್‌ನಲ್ಲಿ ಅಪಾರ್ಟ್‌ಮೆಂಟ್ ಬಾಡಿಗೆಗೆ ತೆಗೆದುಕೊಳ್ಳಿ, ಸ್ವಂತ ಮನೆಯ ಆಸೆಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ.

ಎಲ್ಲಿಗೇ ಬನ್ನಿ, ಹೊರಡುವಾಗ ಅಮ್ಮ ಕಟ್ಟಿಕೊಡುವ ಚಟ್ನಿಪುಡಿ, ಉಪ್ಪಿನಕಾಯಿ ಎಲ್ಲವನ್ನೂ ವಿಮಾನದಲ್ಲಿ ಕೊಡುವ ಕಾರ್ಡ್‌ನಲ್ಲಿ ಬರೆದು ತೋರಿಸಿ. ತೋರಿಸಿದರೆ ನೋಡಿ ಬಿಡುತ್ತಾರೆ, ಬೇಡ ಅಂದರೆ ಅದನ್ನಷ್ಟೇ ತೆಗೆದು ಹಾಕುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದೊಡ್ಡ ದಂಡ, ವೀಸಾಕ್ಕೂ ಕುತ್ತು. ಹಸಿ ಕರಿಬೇವು, ಬೀಜ, ಹಾಲಿನ ಸಿಹಿ ತಿಂಡಿ ಮಾತ್ರ ತರಲೇಬೇಡಿ.