ಅಜ್ಜಿಯ ಹಸೆ ಹಾಡು ಕ್ಯಾಸೆಟ್ಟಿನಲ್ಲಿದೆ, ಕಂಪ್ಯೂಟರಿಗೆ ಬರುತ್ತಿಲ್ಲ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಸಮೀಪದ ಹಳ್ಳಿ. ಅಪ್ಪಯ್ಯ 2005ರಲ್ಲಿ ಹ್ಯಾಂಡಿಕ್ಯಾಮ್ ಕೊಂಡಿದ್ದರು. ಅಕ್ಕನ ಮದುವೆ, ಅಡಿಕೆ ಸುಲಿಯುವ ರಾತ್ರಿಗಳು, ಅಜ್ಜಿ ಹೇಳಿದ ಹಸೆ ಹಾಡು ಎಲ್ಲವೂ ಹನ್ನೊಂದು ಮಿನಿ ಡಿವಿ ಕ್ಯಾಸೆಟ್‌ಗಳಲ್ಲಿವೆ. ಯುಎಸ್‌ಬಿ ಕೇಬಲ್ ಹಾಕಿದರೆ ಕಂಪ್ಯೂಟರಿನಲ್ಲಿ ನಾಲ್ಕಾರು ಫೋಟೊ ಮಾತ್ರ ಕಾಣುತ್ತವೆ. ಎಡಿಟಿಂಗ್ ಸಾಫ್ಟ್‌ವೇರ್‌ಗೆ ವಿಡಿಯೊ ಬರುತ್ತಲೇ ಇಲ್ಲ. ಕ್ಯಾಸೆಟ್ ಹಾಳಾಗಿದೆಯೇ? ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿ ಫೈರ್‌ವೈರ್ ಇರುವ ಕೇಬಲ್ ಸಿಗುತ್ತದೆಯಂತೆ, ಕೊಳ್ಳಲೇ?

ಉತ್ತರ: ಆ ಕೇಬಲ್ ಕೊಳ್ಳಬೇಡಿ. ಫೈರ್‌ವೈರ್ ಎಂಬುದು ಟೇಪಿನ ವಿಡಿಯೊವನ್ನು ಕಂಪ್ಯೂಟರಿಗೆ ಸಾಗಿಸುವ, ಯುಎಸ್‌ಬಿಗಿಂತ ಬೇರೆಯೇ ಬಗೆಯ ಜೋಡಣೆ. ಅದರಲ್ಲಿ ತುದಿಯ ಆಕಾರ ಬದಲಾಗಿರುತ್ತದೆಯೇ ಹೊರತು ಫೈರ್‌ವೈರ್ ಸಂಕೇತವನ್ನು ಯುಎಸ್‌ಬಿಗೆ ಬದಲಿಸುವ ಯಾವ ಸಾಧನವೂ ಇರುವುದಿಲ್ಲ. ಕ್ಯಾಸೆಟ್ ಹಾಳಾಗಿದೆ ಎಂದೂ ಈಗಲೇ ತೀರ್ಮಾನಿಸಬೇಡಿ. ನಿಮಗೆ ಕಂಡ ಫೋಟೊಗಳು ಕ್ಯಾಮೆರಾದ ಮೆಮೊರಿ ಕಾರ್ಡಿನವು. ಆ ಕಾಲದ ಬಹುತೇಕ ಹ್ಯಾಂಡಿಕ್ಯಾಮ್‌ಗಳಲ್ಲಿ ಯುಎಸ್‌ಬಿ ಇದ್ದದ್ದು ಮುಖ್ಯವಾಗಿ ಫೋಟೊ ಸಾಗಿಸಲು. ಕ್ಯಾಸೆಟ್ಟಿನಲ್ಲಿ ಕಂಪ್ಯೂಟರ್ ಗುರುತಿಸಬಲ್ಲ ಫೈಲ್ ಎಂಬುದೇ ಇಲ್ಲ. ಕಾಲು ಇಂಚು, ಅಂದರೆ 6.35 ಮಿಲಿಮೀಟರ್ ಅಗಲದ ಟೇಪಿನ ಮೇಲೆ ಉದ್ದಕ್ಕೂ ಬರೆದ ಸಂಕೇತ ಮಾತ್ರ ಇದೆ. ಕ್ಯಾಮೆರಾ ಅದನ್ನು ಓಡಿಸುತ್ತಾ ಹೋಗಬೇಕು, ಕಂಪ್ಯೂಟರ್ ಬರೆದುಕೊಳ್ಳುತ್ತಾ ಹೋಗಬೇಕು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆ ಬೇಕೇ ಬೇಕು.

ಯಂತ್ರದ ಮಾತಿಗೆ ಮೊದಲು ಮಳೆಯ ಮಾತು ಆಡಲೇಬೇಕು. ತೀರ್ಥಹಳ್ಳಿ, ಆಗುಂಬೆ ಕಡೆಯ ಮಳೆಗಾಲವನ್ನು ಇಪ್ಪತ್ತು ಬಾರಿ ಕಂಡ ಕ್ಯಾಸೆಟ್ಟಿಗೆ ದೊಡ್ಡ ಶತ್ರು ಬೂಷ್ಟು. ಪ್ರತಿಯೊಂದನ್ನೂ ಜಗಲಿಯ ಬೆಳಕಿಗೆ ಒಯ್ದು, ಅದರ ಪುಟ್ಟ ಪಾರದರ್ಶಕ ಕಿಟಕಿಯಲ್ಲಿ ಸುರುಳಿಯ ಅಂಚನ್ನು ನೋಡಿ. ಒಳ್ಳೆಯ ಟೇಪಿನ ಅಂಚು ನುಣುಪಾಗಿ, ಕಪ್ಪಾಗಿ ಹೊಳೆಯುತ್ತದೆ. ಬೂಷ್ಟು ಹಿಡಿದದ್ದರಲ್ಲಿ ಹಿಟ್ಟು ಉದುರಿಸಿದಂತೆ ಬಿಳಿ ಚುಕ್ಕೆ, ಕೆಲವೊಮ್ಮೆ ಜೇಡನ ಎಳೆಯಂಥ ನೂಲು ಕಾಣುತ್ತದೆ. ಅಂಥದ್ದನ್ನು ಕ್ಯಾಮೆರಾಕ್ಕೆ ಹಾಕಲೇಬೇಡಿ. ವರ್ಷಗಳ ಹಿಂದೆ ನಾನು ಅವಸರದಲ್ಲಿ ಒಂದನ್ನು ಹಾಕಿದ್ದೆ. ಬೂಷ್ಟಿನ ಪುಡಿ ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡು, ಅದರ ಹಿಂದೆಯೇ ಹಾಕಿದ ಚೊಕ್ಕ ಕ್ಯಾಸೆಟ್ಟಿನಲ್ಲೂ ಚಿತ್ರ ಚೌಕ ಚೌಕವಾಗಿ ಒಡೆಯಿತು. ಇಂದಿಗೂ ಆ ತಪ್ಪು ನನ್ನನ್ನು ಕಾಡುತ್ತದೆ. ಬೂಷ್ಟು ಹಿಡಿದವನ್ನು ಬೇರೆಯಾಗಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟು, ಟೇಪ್ ಶುಚಿಗೊಳಿಸುವ ಕೆಲಸ ಬಲ್ಲವರಿಗೆ ಕೊಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಡುವವರಿದ್ದಾರೆ; ಹೊಗೆ, ಮಸಿ ಎರಡೂ ಟೇಪಿಗೆ ಆಗದು.

ಈಗ ಜೋಡಣೆ. ನಿಮ್ಮ ಕ್ಯಾಮೆರಾದ ಒಂದು ಮುಚ್ಚಳದಡಿ ‘ಡಿವಿ’ ಅಥವಾ ‘ಐ.ಲಿಂಕ್’ ಎಂದು ಬರೆದ, ನಾಲ್ಕು ಪಿನ್ನಿನ ಪುಟ್ಟ ಕಿಂಡಿ ಇರುತ್ತದೆ. ಅದೇ ಫೈರ್‌ವೈರ್. ಕಂಪ್ಯೂಟರಿನ ಕಡೆಯಲ್ಲೂ ಫೈರ್‌ವೈರ್ ಬೇಕು: ಡೆಸ್ಕ್‌ಟಾಪ್ ಆದರೆ ಒಳಗೆ ಕೂರಿಸುವ ಒಂದು ಕಾರ್ಡ್, ಇಲ್ಲವೇ ಆ ಕಿಂಡಿ ಇರುವ ಹಳೆಯ ಲ್ಯಾಪ್‌ಟಾಪ್. ಆ್ಯಪಲ್ ಕೂಡ ತನ್ನ ಮ್ಯಾಕ್ ಕಂಪ್ಯೂಟರಿನ ತಂತ್ರಾಂಶದ 2025ರ ಟಾಹೋ ಆವೃತ್ತಿಯಲ್ಲಿ ಫೈರ್‌ವೈರ್ ಬೆಂಬಲವನ್ನು ಕೈಬಿಟ್ಟಿದೆ. ಹಾಗಾಗಿ ಇಲ್ಲಿ ಹೊಸ ಯಂತ್ರಕ್ಕಿಂತ ಹಳೆಯದೇ ಮೇಲು. ಶಿವಮೊಗ್ಗದಲ್ಲೋ ತೀರ್ಥಹಳ್ಳಿಯಲ್ಲೋ ಆ ಕಾಲದಲ್ಲಿ ಮದುವೆ ವಿಡಿಯೊ ಮಾಡುತ್ತಿದ್ದ ಸ್ಟುಡಿಯೊದವರನ್ನು ಒಮ್ಮೆ ಕೇಳಿ ನೋಡಿ. ಅವರೆಲ್ಲ ಇದೇ ಕಾರ್ಡಿನಲ್ಲಿ ಕೆಲಸ ಮಾಡಿದವರು. ಮೂಲೆಯಲ್ಲಿ ಧೂಳು ಹಿಡಿದ ಒಂದು ಕಂಪ್ಯೂಟರ್ ಉಳಿದಿದ್ದರೂ ಉಳಿದಿರಬಹುದು.

ಕೇಬಲ್ ಸಿಕ್ಕಿಸುವಾಗ ಕ್ಯಾಮೆರಾ ಆಫ್ ಆಗಿರಲಿ. ಕಂಪ್ಯೂಟರಿನ ಕಡೆಯ ಆರು ಪಿನ್ನಿನ ತುದಿಯನ್ನು ತಲೆಕೆಳಗಾಗಿ ಒತ್ತಿ ತುರುಕಿದರೆ ಕಿಂಡಿ ಸುಟ್ಟುಹೋಗಬಹುದು. ಕರೆಂಟಿನ ಅಡಾಪ್ಟರ್ ಹಾಕಿ, ಕ್ಯಾಮೆರಾವನ್ನು ಪ್ಲೇ ಮೋಡ್‌ನಲ್ಲಿಡಿ. ವಿಂಡೋಸ್ 10 ಮತ್ತು 11ರಲ್ಲಿ ಕ್ಯಾಮೆರಾ ಕಾಣಿಸದಿದ್ದರೆ ಫೈರ್‌ವೈರ್‌ನ ಹಳೆಯ ‘ಲೆಗಸಿ’ ಡ್ರೈವರ್ ಹಾಕಬೇಕಾಗುತ್ತದೆ. ಬರೆದುಕೊಳ್ಳಲು ‘ವಿನ್‌ಡಿವಿ’ ಎಂಬ ಪುಟ್ಟ ಉಚಿತ ತಂತ್ರಾಂಶ ಸಾಕು. ಅದರಲ್ಲಿ ‘ಟೈಪ್ 2’ ಎವಿಐ ಎಂಬ ಫೈಲ್ ಬಗೆಯನ್ನು ಆರಿಸಿಕೊಳ್ಳಿ, ಎಡಿಟಿಂಗ್ ತಂತ್ರಾಂಶಗಳು ಅದನ್ನು ತಕರಾರಿಲ್ಲದೆ ತೆರೆಯುತ್ತವೆ. ಗಂಟೆಗೆ ಸುಮಾರು 13 ಜಿಬಿ ಬೇಕು. ನಿಮ್ಮ ಹನ್ನೊಂದು ಕ್ಯಾಸೆಟ್ ಒಂದೊಂದು ಗಂಟೆಯವಾದರೆ 143 ಜಿಬಿ. ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಕಂಪ್ಯೂಟರ್ ಯುಪಿಎಸ್ ಮೇಲಿರಲಿ.

ಈ ಫೈಲನ್ನು ಎಡಿಟಿಂಗ್‌ಗೆ ಹಾಕುವಾಗ ಪ್ರಾಜೆಕ್ಟ್ ಅಳತೆ 720×576, ಸೆಕೆಂಡಿಗೆ 25 ಫ್ರೇಮ್, ಚಿತ್ರದ ಆಕಾರ 4:3 ಎಂದು ಇಡಿ. ಆಕಾರ ತಪ್ಪಿದರೆ ಅಜ್ಜಿಯ ಮುಖ ಇದ್ದದ್ದಕ್ಕಿಂತ ತುಸು ಸಪೂರವಾಗಿ ಕಾಣುತ್ತದೆ. ಕೈ ಬೀಸಿದಾಗ ಬಾಚಣಿಗೆಯ ಹಲ್ಲಿನಂಥ ಗೆರೆ ಮೂಡಿದರೆ ಗಾಬರಿ ಬೇಡ, ಅದು ಟಿವಿ ಕಾಲದ ಇಂಟರ್‌ಲೇಸ್ ಚಿತ್ರದ, ಅಂದರೆ ಒಂದು ಫ್ರೇಮನ್ನು ಬೆಸ ಗೆರೆ, ಸರಿ ಗೆರೆ ಎಂದು ಎರಡು ಕಂತಿನಲ್ಲಿ ತೆಗೆದ ಚಿತ್ರದ ಗುಣ. ಮೊಬೈಲ್‌ನಲ್ಲಿ ನೋಡಲು ಕೊಡುವ ಪ್ರತಿಯಲ್ಲಿ ಮಾತ್ರ ಡಿಇಂಟರ್‌ಲೇಸ್ ಮಾಡಿ ಆ ಗೆರೆ ತೆಗೆಯಿರಿ, ಮೂಲ ಎವಿಐಯನ್ನು ಮುಟ್ಟಬೇಡಿ. ಹಾಡಿನ ಧ್ವನಿಯಲ್ಲಿ ಗೊರಗೊರ ಸದ್ದು ಕೇಳಿದರೂ ಮೂಲದಲ್ಲಿ ಅಳಿಸಲು ಹೋಗಬೇಡಿ. ಆ ಸದ್ದಿನ ಹಿಂದೆಯೇ ಜೊತೆಗೆ ಸೊಲ್ಲು ಎತ್ತಿದ ಹೆಂಗಸರ ದನಿಯೂ ಇರುತ್ತದೆ.

ಫೈರ್‌ವೈರ್ ಎಲ್ಲೂ ಸಿಗದಿದ್ದರೆ ಕ್ಯಾಮೆರಾದ ಎವಿ ಕೇಬಲ್ಲನ್ನು ಯುಎಸ್‌ಬಿ ಕ್ಯಾಪ್ಚರ್ ಸಾಧನಕ್ಕೆ ಜೋಡಿಸಬಹುದು. ಗುಣಮಟ್ಟ ಒಂದು ಮೆಟ್ಟಿಲು ಇಳಿಯುತ್ತದೆ. ಏನೂ ಇಲ್ಲದ್ದಕ್ಕಿಂತ ಅದು ವಾಸಿ, ಆದರೆ ಅದಕ್ಕೇ ತೃಪ್ತರಾಗಬೇಡಿ.

ಕ್ಯಾಮೆರಾವನ್ನೂ ಗುಜರಿಗೆ ಹಾಕಬೇಡಿ. ಎಲ್‌ಪಿ ವೇಗದಲ್ಲಿ (ಹೆಚ್ಚು ಹೊತ್ತು ತುಂಬಿಸಲು ಟೇಪನ್ನು ನಿಧಾನವಾಗಿ ಓಡಿಸಿ) ತೆಗೆದ ಕ್ಯಾಸೆಟ್‌ಗಳು ಎಷ್ಟೋ ಸಲ ತೆಗೆದ ಕ್ಯಾಮೆರಾದಲ್ಲಿ ಮಾತ್ರ ಸರಿಯಾಗಿ ಓಡುತ್ತವೆ.

ಪ್ರಶ್ನೆ: ಸಾಗರದಲ್ಲಿ 2012ರಲ್ಲಿ ಇಡೀ ರಾತ್ರಿಯ ಯಕ್ಷಗಾನವನ್ನು ಮೆಮೊರಿ ಕಾರ್ಡಿನ ಕ್ಯಾಮೆರಾದಲ್ಲಿ ತೆಗೆದಿದ್ದೆ. ಎಂಟಿಎಸ್ ಫೈಲ್‌ಗಳನ್ನು ಎಡಿಟಿಂಗ್‌ಗೆ ಹಾಕಿದರೆ ಚಿತ್ರವಿದೆ, ಧ್ವನಿಯಿಲ್ಲ. ತುಂಡು ಸೇರುವಲ್ಲಿ ಭಾಗವತರ ಪದ ಕ್ಷಣಕಾಲ ಕಡಿಯುತ್ತದೆ.

ಉತ್ತರ: ನಿಮ್ಮದು ಎವಿಸಿಎಚ್‌ಡಿ ಎಂಬ, ಮೆಮೊರಿ ಕಾರ್ಡಿನ ಕ್ಯಾಮೆರಾಗಳ ವಿಡಿಯೊ ಬಗೆ. ಅದರಲ್ಲಿ ಧ್ವನಿ ಸಾಮಾನ್ಯವಾಗಿ ಡಾಲ್ಬಿ ಎಸಿ-3 ಎಂಬ ರೂಪದಲ್ಲಿರುತ್ತದೆ, ಕೆಲವು ಉಚಿತ ಎಡಿಟಿಂಗ್ ತಂತ್ರಾಂಶಗಳು ಅದನ್ನು ಓದುವುದಿಲ್ಲ. ಶಾಟ್‌ಕಟ್ ಅಥವಾ ಕೆಡೆನ್‌ಲೈವ್ ಎಂಬ ಉಚಿತ ಎಡಿಟಿಂಗ್ ತಂತ್ರಾಂಶದಲ್ಲಿ ತೆರೆದು ನೋಡಿ. ಕಾರ್ಡಿನ ಫೈಲ್ ವ್ಯವಸ್ಥೆಗೆ ಗಾತ್ರದ ಮಿತಿ ಇರುವುದರಿಂದ ಕ್ಯಾಮೆರಾ ದೀರ್ಘ ಚಿತ್ರೀಕರಣವನ್ನು ತಾನೇ ತುಂಡು ಮಾಡುತ್ತದೆ. ತುಂಡುಗಳನ್ನು ಒಂದೊಂದಾಗಿ ಎಳೆದು ಜೋಡಿಸಿದರೆ ಪದ ಕಡಿಯುವುದು ಸಹಜ. ಕ್ಯಾಮೆರಾ ಕಂಪನಿಯ ತಂತ್ರಾಂಶದಿಂದಲೇ ಆಮದು ಮಾಡಿಕೊಂಡರೆ ಅವು ಒಂದಾಗಿ ಬರುತ್ತವೆ. ಅದಕ್ಕೆ ಕಾರ್ಡಿನ ಇಡೀ ಫೋಲ್ಡರ್ ಇದ್ದಂತೆಯೇ ಬೇಕು, ಬರೀ ಎಂಟಿಎಸ್ ಆರಿಸಿ ನಕಲು ಮಾಡಿದರೆ ಸಾಲದು. ಕಾರ್ಡ್ ಇನ್ನೂ ನಿಮ್ಮಲ್ಲಿದ್ದರೆ, ಅದರಲ್ಲಿ ಹೊಸದೇನನ್ನೂ ತೆಗೆಯುವ ಮೊದಲು ಇಡಿಯಾಗಿ ನಕಲು ಮಾಡಿಕೊಳ್ಳಿ.