ಹಳೆ ಟ್ರ್ಯಾಕ್ಟರನ್ನು ಮಾರಬೇಕೇ?

ಪ್ರಿಯ ಓದುಗರೇ,

ನಿಮ್ಮ ಅಪ್ಪ ಕೊಂಡಿದ್ದ ಮೂರು ಸಿಲಿಂಡರಿನ ಟ್ರ್ಯಾಕ್ಟರನ್ನು ಮಾರಿ ಹೊಸದು ತರೋಣ ಎಂದು ಮಗ ಹಟ ಹಿಡಿದಿದ್ದಾನೆ, ನಿಮಗೆ ಮನಸ್ಸು ಬರುತ್ತಿಲ್ಲ ಎಂದು ಬರೆದಿದ್ದೀರಿ. ‘ಇದು ಬರೀ ಮೋಹವಾ?’ ಎಂದೂ ಕೇಳಿದ್ದೀರಿ. ಮೋಹ ಇದ್ದರೂ ತಪ್ಪಿಲ್ಲ. ಆದರೆ ಎಷ್ಟೋ ದೇಶಗಳ ರೈತರು ಹಳೆ ಟ್ರ್ಯಾಕ್ಟರನ್ನು ಬಿಡದೆ ಇಟ್ಟುಕೊಂಡಿರುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಬೇರೆ. ಗಾಡಿ ನಿಂತರೆ ಯಾಕೆ ನಿಂತಿತು ಎಂದು ಅವರಿಗೇ ಗೊತ್ತಾಗುತ್ತದೆ.

ಡೀಸೆಲ್ ವಿಷಯವನ್ನೇ ನೋಡಿ. ಹಳೆ ಎಂಜಿನ್ನುಗಳಲ್ಲಿ ಹೆಚ್ಚಿನವು ಒಮ್ಮೆ ಚಾಲೂ ಆದರೆ ಓಡಲು ಕರೆಂಟೇ ಬೇಡ. ಪಂಪು, ಪೈಪು, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್ ಎಲ್ಲ ಕಣ್ಣೆದುರೇ ಇರುತ್ತವೆ. ಲೈನಿನಲ್ಲಿ ಗಾಳಿ ಸೇರಿದರೆ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತಾ ಹೋದರಾಯಿತು. ನೊರೆ ನಿಂತು ಬರೀ ಡೀಸೆಲ್ ಬಂದಾಗ ಸ್ಕ್ರೂ ಬಿಗಿ ಮಾಡಬೇಕು. ಎಂಜಿನ್ ಕುಂಟುತ್ತಿದ್ದರೆ ನಾಝಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ನೋಡುತ್ತಾರೆ. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರಿನಲ್ಲೇ ದೋಷ. (ಒಂದೇ ಪೈಪಿನಿಂದ ಎಲ್ಲ ನಾಝಲಿಗೂ ಡೀಸೆಲ್ ಹಂಚುವ ಹೊಸ ಕಾಮನ್ ರೈಲ್ ಎಂಜಿನ್‌ನಲ್ಲಿ ಹೀಗೆ ಮಾಡಲೇಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್‌ಗೂ ಜಾಸ್ತಿ. ಚಿಮ್ಮಿದ ಡೀಸೆಲ್ ಚರ್ಮವನ್ನೇ ಸೀಳಿ ಒಳಗೆ ಹೋಗುತ್ತದೆ. ಹಳೆಯದರಲ್ಲೂ ಕೈ ದೂರ ಇರಲಿ.)

ಹೊಸ ಗಾಡಿಯಲ್ಲಿ ಒಂದು ಸೆನ್ಸರ್ ಕೈಕೊಟ್ಟರೂ ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನು ಇಳಿಸಿಬಿಡಬಹುದು. ಕಾರಣ ತಿಳಿಯಲು ಕಂಪನಿಯ ಸಾಫ್ಟ್‌ವೇರ್ ಇರುವವರೇ ಬರಬೇಕು. ಮಣ್ಣಿನ ಹದ ಅವರಿಗಾಗಿ ಕಾಯುತ್ತದೆಯೇ? ಈ ಕೊರಗು ಎಷ್ಟು ದೊಡ್ಡದಾಯಿತೆಂದರೆ, 2023ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯ ಕಾನೂನನ್ನೇ ಮಾಡಿತು. ಕೃಷಿ ಯಂತ್ರ ತಯಾರಿಸುವವರು ರಿಪೇರಿಗೆ ಬೇಕಾದ ಬಿಡಿಭಾಗ, ಉಪಕರಣ, ಸಾಫ್ಟ್‌ವೇರ್, ಮಾಹಿತಿಯನ್ನು ರೈತರಿಗೂ ಕೊಡಬೇಕು ಎನ್ನುತ್ತದೆ ಅದು. ಹಳೆ ಟ್ರ್ಯಾಕ್ಟರ್ ಇದ್ದವರಿಗೆ ಆ ಹಕ್ಕು ಕೇಳದೆಯೇ ಸಿಕ್ಕಿತ್ತು.

ಆ ಕಾಲದ ವಿನ್ಯಾಸವೂ ಸುಮ್ನೆ ಬಾಳಲಿಲ್ಲ. ಟ್ರ್ಯಾಕ್ಟರ್ ವಿನ್ಯಾಸಕ ಹ್ಯಾರಿ ಫರ್ಗ್ಯುಸನ್ ಅವರ ಟಿಇ-20 ಟ್ರ್ಯಾಕ್ಟರ್ 1946ರಿಂದ 1956ರವರೆಗೆ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ 5 ಲಕ್ಷಕ್ಕೂ ಹೆಚ್ಚು ತಯಾರಾಯಿತು. ನೇಗಿಲನ್ನು ಹಿಂದೆ ಕಟ್ಟಿ ಎಳೆಯುವ ಬದಲು, ಮೂರು ಕಡೆ ಜೋಡಿಸಿ ಹೈಡ್ರಾಲಿಕ್‌ನಿಂದ ಎತ್ತಿ ಇಳಿಸುವುದು ಅವರ ದೊಡ್ಡ ಕೊಡುಗೆ. ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಿ ಎಳೆತ ಜಾಸ್ತಿಯಾದರೆ ಲಿಫ್ಟ್ ತಾನಾಗಿಯೇ ಅದನ್ನು ತುಸು ಮೇಲೆತ್ತುತ್ತದೆ. ಹಾಗೆ ಎತ್ತಿದಾಗ ನೇಗಿಲಿನ ಭಾರ ಹಿಂದಿನ ಚಕ್ರಗಳ ಮೇಲೆ ಬಿದ್ದು ಹಿಡಿತ ಹೆಚ್ಚುತ್ತದೆ. ಹೀಗಾಗಿ ಹಗುರವಾದ ಗಾಡಿಯೂ ದೊಡ್ಡ ಕೆಲಸ ಮಾಡಿತು. ಎಡ್ಮಂಡ್ ಹಿಲರಿ ತಂಡ ಇವೇ ಟ್ರ್ಯಾಕ್ಟರುಗಳ ಚಕ್ರಗಳಿಗೆ ಟ್ಯಾಂಕಿನಂಥ ಪಟ್ಟಿ ತೊಡಿಸಿ 1958ರ ಜನವರಿ 4ರಂದು ದಕ್ಷಿಣ ಧ್ರುವ ಮುಟ್ಟಿತು. ಇಂದಿನ ಟ್ರ್ಯಾಕ್ಟರಿನ ಹಿಂಬದಿಯಲ್ಲೂ ಅದೇ ಮೂರು ಕೊಂಡಿಗಳಿವೆ. ಅದಕ್ಕೇ ನಿಮ್ಮ ಹಳೆ ಗಾಡಿಗೆ ಇವತ್ತಿನ ಉಪಕರಣವನ್ನೂ ಜೋಡಿಸಬಹುದು, ಅದರ ಭಾರ ಗಾಡಿಗೆ ಹೊಂದಿದರೆ.

ನಿಮ್ಮ ಮಗನದ್ದು ತಪ್ಪು ಎಂದು ನಾನು ಹೇಳಲಾರೆ. ಹೊಸದರ ಹೊಗೆ ಕಡಿಮೆ, ಸದ್ದು ಕಡಿಮೆ, ಬ್ರೇಕು ಚೆನ್ನಾಗಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಗಾಡಿ ಮಗುಚಿದರೆ ಚಾಲಕನನ್ನು ಉಳಿಸುವ ಕಬ್ಬಿಣದ ಚೌಕಟ್ಟು. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಇದನ್ನು ಕಡ್ಡಾಯ ಮಾಡಿತು, ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ತುಂಬ ಇಳಿಯಿತು. ಹಳೆ ಗಾಡಿಗಳಲ್ಲಿ ಬಹಳಷ್ಟಕ್ಕೆ ಇದು ಇಲ್ಲ. ಈ ಒಂದು ವಿಷಯದಲ್ಲಿ ಹಳೆಯದರ ಪರ ವಾದಿಸಲು ನನ್ನಿಂದಾಗದು.

ಹಾಗಾಗಿ ಮಾರುವ ಮುನ್ನ ಒಮ್ಮೆ ಪರೀಕ್ಷಿಸಿ. ಎಂಜಿನ್ ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಬೀಳದೆ ಇರುತ್ತದೆಯೇ? ಎಂಜಿನ್ನಿನ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಹೊಗೆ ಜೋರಾಗಿ ಬರುತ್ತಿದೆಯೇ? ಗೇರು ಜಾರುತ್ತದೆಯೇ? ಭಾರ ಎತ್ತಿ ಎಂಜಿನ್ ನಿಲ್ಲಿಸಿದರೆ ಲಿಫ್ಟ್ ಬೇಗ ಕುಸಿಯುತ್ತದೆಯೇ? ಬಿಡಿಭಾಗ ಇನ್ನೂ ಸಿಗುತ್ತಿದ್ದು ಇವೆಲ್ಲ ಸರಿಯಿದ್ದರೆ, ನನ್ನ ಮಾತು ಕೇಳುವುದಾದರೆ, ಮಾರಬೇಡಿ. ಆ ಮಾದರಿಗೆಂದೇ ಮಾಡಿದ ಚೌಕಟ್ಟು ಮತ್ತು ಸೀಟ್ ಬೆಲ್ಟ್ ಹಾಕಿಸಿ. ಉಪಕರಣ ತಿರುಗಿಸುವ ಹಿಂಬದಿಯ ಪಿಟಿಒ ಶಾಫ್ಟಿಗೆ ಮುಚ್ಚಳ ಇರಲಿ. ಭಾರ ಎಳೆಯುವ ಸರಪಳಿಯನ್ನು ಹಿಂಬದಿಯಲ್ಲಿ ಕೆಳಗಿರುವ ಎಳೆಯುವ ಕಬ್ಬಿಣದ ಪಟ್ಟಿ, ಅಂದರೆ ಡ್ರಾಬಾರ್‌ಗಷ್ಟೇ ಕಟ್ಟಿ; ಆಕ್ಸಲ್‌ಗೆ ಕಟ್ಟಿದರೆ ಮುಂಭಾಗ ಮೇಲೆದ್ದು ಗಾಡಿ ಹಿಂದಕ್ಕೆ ಮಗುಚಬಹುದು. ಮೊದಲ ಸಲ ಏರ್ ತೆಗೆಯುವಾಗ ಪಾನಾ ಮಗನ ಕೈಯಲ್ಲೇ ಇರಲಿ, ನೀವು ಪಕ್ಕದಲ್ಲಿ ನಿಂತು ಹೇಳಿಕೊಡಿ.

— ಸಂಪಾದಕ